ಹೊಸ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗದಿದ್ದರೆ

ಬ್ಯಾಟರಿ ಬದಲಿಸಿದ ಮೇಲೂ ಕಾರು ಅಲುಗದೆ ನಿಂತರೆ ಮೊದಲ ಅನುಮಾನ ಹೊಸ ಬ್ಯಾಟರಿಯ ಮೇಲೆಯೇ. ಆದರೆ ತಪ್ಪು ಬಹಳ ಸಲ ಅದರದ್ದಲ್ಲ. ಬದಲಿಸುವಾಗ ಎಲ್ಲೆಲ್ಲಿ ಕೈಯಾಡಿತೋ ಅಲ್ಲಿ ಮೊದಲು ನೋಡಬೇಕು. ಅಲ್ಲಿ ಎಲ್ಲವೂ ಸರಿಯಿದ್ದರೆ, ಹಳೆಯ ಬ್ಯಾಟರಿಯನ್ನು ಕೆಡಿಸಿದ ದೋಷವೇ ಇನ್ನೂ ಒಳಗೆ ಉಳಿದಿರಬಹುದು.

ಕೀಲಿ ತಿರುಗಿಸಿದಾಗ ಏನು ಕೇಳಿಸುತ್ತದೆ?

ಬಾನೆಟ್ ಎತ್ತುವ ಮೊದಲು ಕಿವಿಗೊಡಿ. ಡ್ಯಾಶ್‌ಬೋರ್ಡಿನ ದೀಪಗಳೇ ಹೊತ್ತದಿದ್ದರೆ ಬ್ಯಾಟರಿ ತಂತಿಯ ಕ್ಲಾಂಪ್ ಕೂತಿಲ್ಲ ಅಥವಾ ಮುಖ್ಯ ಫ್ಯೂಸ್ ಹೋಗಿದೆ. ಟಿಕ್ ಟಿಕ್ ಟಿಕ್ ಎಂದು ಬೇಗಬೇಗನೆ ಬಡಿದುಕೊಂಡರೆ ಸೆಲ್ಫ್‌ಗೆ ಸಾಕಷ್ಟು ಕರೆಂಟ್ ತಲುಪುತ್ತಿಲ್ಲ. ಒಂದೇ ಸಲ ಟಕ್ ಎಂದು ಸುಮ್ಮನಾದರೆ ಸೆಲ್ಫ್ ಮೋಟರನ್ನೇ ಶಂಕಿಸಬೇಕು. ದೀಪಗಳು ಪ್ರಖರವಾಗಿದ್ದೂ ಸದ್ದೇ ಇಲ್ಲವೆಂದರೆ, ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೊಮ್ಯಾಟಿಕ್ ಆದರೆ ಗೇರ್ ‘ಪಿ’ಯಲ್ಲಿದೆಯೇ ನೋಡಿ.

ಕ್ಲಾಂಪ್ ಮತ್ತು ಅರ್ತ್

ಹೆಚ್ಚಿನ ಪ್ರಕರಣಗಳು ಇಲ್ಲಿಯೇ ಬಗೆಹರಿಯುತ್ತವೆ. ಕ್ಲಾಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ. ಒಂದಿಷ್ಟು ಮಿಸುಕಿದರೂ ಅದು ಸಡಿಲವೇ. ಸೆಲ್ಫ್ ಎಂಜಿನ್ನನ್ನು ತಿರುಗಿಸುವಾಗ ನೂರಾರು ಆಂಪಿಯರ್ ಹರಿಯಬೇಕು. ದೀಪ ಉರಿಸಲು ಸಾಕಾಗುವ ಸಂಪರ್ಕ ಅದಕ್ಕೆ ಸಾಲದು. ಹೊಸ ಬ್ಯಾಟರಿಯ ಕಂಬದ ಮೇಲಿನ ಪ್ಲಾಸ್ಟಿಕ್ ಟೊಪ್ಪಿ ತೆಗೆದಿದ್ದೀರಾ? ಹಳೆಯ ಕ್ಲಾಂಪಿನ ಒಳಗೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಕ್ಲಾಂಪ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ.

ಕಂಬದ ದಪ್ಪವೂ ಗಮನಿಸಬೇಕಾದ ಸಂಗತಿ. ಜಪಾನಿ ಅಳತೆಯ ಬ್ಯಾಟರಿಗಳಲ್ಲಿ 46ಬಿ24ಎಲ್ ಸಣ್ಣ ಕಂಬದ್ದು, 46ಬಿ24ಎಲ್‌ಎಸ್ ದಪ್ಪ ಕಂಬದ್ದು. ದಪ್ಪ ಕಂಬಕ್ಕೆ ಮಾಡಿದ ಕ್ಲಾಂಪ್ ಸಣ್ಣದರ ಮೇಲೆ ಎಷ್ಟು ಬಿಗಿದರೂ ನಿಲ್ಲದು.

ಮೈನಸ್ ತಂತಿ ಬಾಡಿಗೂ ಎಂಜಿನ್ನಿಗೂ ಸೇರುವ ಕಡೆ ತುಕ್ಕು ಹಿಡಿದಿರಬಹುದು. ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಮಲ್ಟಿಮೀಟರಿನ ಕಡ್ಡಿಗಳನ್ನು ಹಿಡಿದು ಸೆಲ್ಫ್ ಹೊಡೆಸಿ. 0.5 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ ಎಂದೇ ಅರ್ಥ.

ಪ್ಲಸ್ ಮೈನಸ್ ಅದಲುಬದಲಾಗಿದ್ದರೆ

ಹೆಸರಿನಲ್ಲಿ ಎಲ್ ಮತ್ತು ಆರ್ ಇರುವ ಬ್ಯಾಟರಿಗಳು ಗಾತ್ರದಲ್ಲಿ ಒಂದೇ, ಕಂಬಗಳ ಜಾಗ ಮಾತ್ರ ಎಡಬಲ. ಅವಸರದಲ್ಲಿ ಇದು ಗೊತ್ತಾಗದೆ ತಂತಿಗಳನ್ನು ತಿರುಗಿಸಿ ಹಾಕಿದ್ದರೆ ಆಲ್ಟರ್ನೇಟರಿನ ಡಯೋಡುಗಳ ಮೂಲಕ ಭಾರಿ ಕರೆಂಟ್ ಹರಿದು ಮುಖ್ಯ ಫ್ಯೂಸ್ ಸುಡುತ್ತದೆ. ಸುಟ್ಟದ್ದು ಫ್ಯೂಸ್ ಮಾತ್ರವಾದರೆ ಅದೃಷ್ಟ. ಡಯೋಡುಗಳನ್ನೂ ಪರೀಕ್ಷೆ ಮಾಡಿಸಬೇಕು. ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಿ. ತಂತಿ ಸುತ್ತಿ ಕೆಲಸ ಸಾಗಿಸಿದರೆ ಮುಂದಿನ ಸಲ ವೈರಿಂಗೇ ಹೊತ್ತಿಕೊಳ್ಳಬಹುದು.

ಮೀಟರ್ ಏನು ಹೇಳುತ್ತದೆ?

ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧವಷ್ಟೇ ಉಳಿದಿದೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ‘ಹೊಸದು’ ಎಂದರೆ ‘ಚಾರ್ಜ್ ಆದದ್ದು’ ಎಂದಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಚಾರ್ಜ್ ಮಾಡಿಸಿ, ಮತ್ತೂ ಕುಸಿದರೆ ವಾರಂಟಿ ಕೇಳಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 12ರ ಆಸುಪಾಸಿನಲ್ಲೇ ನಿಂತರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹಳೆಯ ಬ್ಯಾಟರಿ ಸತ್ತದ್ದೂ ಅದರಿಂದಲೇ ಇರಬಹುದು.

ಸೆಲ್ಫ್ ಚೆನ್ನಾಗಿ ಹೊಡೆದೂ ಎಂಜಿನ್ ಹಿಡಿಯದಿದ್ದರೆ

ಡ್ಯಾಶ್‌ಬೋರ್ಡಿನಲ್ಲಿ ಕಾರು-ಕೀಲಿಯ ಗುರುತು ಮಿಟುಕುತ್ತಿದ್ದರೆ ಇಮೊಬಿಲೈಸರ್ ಕೀಲಿಯೊಳಗಿನ ಚಿಪ್ಪನ್ನು ಗುರುತಿಸಿಲ್ಲ. ಎರಡನೆಯ ಕೀಲಿ ಹಾಕಿ ನೋಡಿ. ಸ್ಟಾರ್ಟ್ ಆಗಿ ಕೂಡಲೇ ಆರುವ ಪೆಟ್ರೋಲ್ ಕಾರುಗಳಲ್ಲಿ ಕೆಲವು, ಬ್ಯಾಟರಿ ಕಳಚಿದಾಗ ಥ್ರಾಟಲ್ ಎಷ್ಟು ತೆರೆದಿರಬೇಕೆಂಬ ನೆನಪನ್ನು ಕಳೆದುಕೊಂಡಿರುತ್ತವೆ. ಅದನ್ನು ಮತ್ತೆ ಕಲಿಸುವ ಕ್ರಮ ಮಾದರಿಯಿಂದ ಮಾದರಿಗೆ ಬೇರೆ, ಮಾಲೀಕರ ಕೈಪಿಡಿ ನೋಡಿ.

ಜೋಡಿಸುವ ಕ್ರಮ

ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಆಗ ಕಿಡಿ ಹಾರದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಳಚಿ ಆಲ್ಟರ್ನೇಟರ್ ಪರೀಕ್ಷಿಸುವ ರೂಢಿ ಇನ್ನೂ ಕೆಲವೆಡೆ ಇದೆ. ಆ ಕ್ಷಣ ಏರುವ ವೋಲ್ಟೇಜ್ ಕಾರಿನ ಕಂಪ್ಯೂಟರನ್ನೇ ಸುಡಬಹುದು. ಯಾರೇ ಹೇಳಿದರೂ ಅದಕ್ಕೆ ಒಪ್ಪಬೇಡಿ.