ಸಹಾಯಕನ ಕೈಗೆ ಎಷ್ಟು ಅಧಿಕಾರ?

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ಬರುವವನಿಗೆ ಔಷಧದ ಕಪಾಟಿನ ಬೀಗದ ಕೈ ಕೊಡುವುದಿಲ್ಲ. ಅವನಲ್ಲಿ ಅಪನಂಬಿಕೆಯೆಂದಲ್ಲ, ಅವನ ಕೆಲಸಕ್ಕೆ ಅದು ಬೇಕಿಲ್ಲ. ಇಷ್ಟು ಸರಳವಾದ ವಿವೇಕವು ಗಣಕಯಂತ್ರಗಳ ಲೋಕದಲ್ಲಿ ನೆಲೆಗೊಳ್ಳಲು ಸುಮಾರು ಮೂರು ದಶಕಗಳು ಬೇಕಾದವು. ಆ ಇತಿಹಾಸದ ಮುಖ್ಯ ಘಟ್ಟಗಳು ನಡೆದದ್ದು ನಮ್ಮ ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿಯೇ.

ಜೆರಿಕೋದಿಂದ ಹೊರಟು ಹಡ್ಸನ್ ನದಿ ದಾಟಿದರೆ ಮರ್ರೇ ಹಿಲ್ ದೂರವಲ್ಲ. ಅಲ್ಲಿಯ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಯೂನಿಕ್ಸ್ ವ್ಯವಸ್ಥೆ ಜನ್ಮತಾಳಿತು. ಅದರಲ್ಲಿ 'ರೂಟ್' ಎಂಬಾತ ಸರ್ವಾಧಿಕಾರಿ. ಯಾವ ಕಡತವನ್ನಾದರೂ ತೆರೆಯಬಲ್ಲ, ಅಳಿಸಬಲ್ಲ. ಆದರೆ ಸಾಮಾನ್ಯ ಬಳಕೆದಾರನು ತನ್ನ ಪಾಸ್‌ವರ್ಡ್ ಬದಲಿಸಬೇಕಾದರೂ ಎಲ್ಲರ ಪಾಸ್‌ವರ್ಡುಗಳಿರುವ ಕಡತವನ್ನೇ ತಿದ್ದಬೇಕು. ಇದಕ್ಕೆ ಡೆನ್ನಿಸ್ ರಿಚಿ ಕಂಡುಕೊಂಡ ಉಪಾಯ 'ಸೆಟ್‌ಯುಐಡಿ'. ಸಹಾಯಕ ಪ್ರೋಗ್ರಾಮೊಂದು ತಾನು ನಡೆಯುವಷ್ಟು ಹೊತ್ತು ತನ್ನ ಒಡೆಯನ ಅಧಿಕಾರವನ್ನು ಧರಿಸುತ್ತದೆ. 1979ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಉಪಾಯ ಸೊಗಸಾದದ್ದು; ಅಪಾಯವೂ ಅದರಲ್ಲಿಯೇ ಅಡಗಿತ್ತು. ಒಡೆಯನು ರೂಟ್ ಆಗಿದ್ದು ಪ್ರೋಗ್ರಾಮಿನಲ್ಲಿ ದೋಷವಿದ್ದರೆ ಇಡೀ ಯಂತ್ರವೇ ಪರರ ವಶ.

ಪ್ರತಿ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದ ಕನಿಷ್ಠ ಅಧಿಕಾರವಷ್ಟೇ ಇರಬೇಕೆಂದು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿಯೇ ಬರೆದಿದ್ದರು. ಆ ಮಾತಿನ ಬೆಲೆ ತಿಳಿಯಲು ಒಂದು ಆಘಾತ ಬೇಕಾಯಿತು. 1988ರ ನವೆಂಬರ್ 2ರಂದು ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಹರಿಯಬಿಟ್ಟ 'ಹುಳು' ಸಾವಿರಾರು ಯಂತ್ರಗಳನ್ನು ಹೊಕ್ಕಿತು. ಅದು ಹಿಡಿದ ದಾರಿಗಳಲ್ಲಿ ಎರಡು ಸಹಾಯಕ ಪ್ರೋಗ್ರಾಮುಗಳಿದ್ದವು: ಅಂಚೆ ಸಾಗಿಸುವ ಸೆಂಡ್‌ಮೇಲ್, ಯಂತ್ರವನ್ನು ಯಾರು ಬಳಸುತ್ತಿದ್ದಾರೆಂದು ತಿಳಿಸುವ ಫಿಂಗರ್. ಹೆಸರು ಹೇಳುವುದಷ್ಟೇ ಕೆಲಸವಾಗಿದ್ದ ಪರಿಚಾರಕನ ಮೂಲಕ ಅಪರಿಚಿತನು ಯಂತ್ರಕ್ಕೇ ಆಜ್ಞೆ ಕೊಡುವಂತಾಯಿತು.

ಹತ್ತು ವರ್ಷಗಳ ತರುವಾಯ, 1998ರ ಡಿಸೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಐಬಿಎಂ ವಾಟ್ಸನ್ ಸಂಶೋಧನಾ ಕೇಂದ್ರದ ವೀಟ್ಸೆ ವೆನೆಮಾ 'ಪೋಸ್ಟ್‌ಫಿಕ್ಸ್' ಅನ್ನು ಹೊರತಂದರು. ಸೆಂಡ್‌ಮೇಲ್‌ನಲ್ಲಿ ಒಂದೇ ದೊಡ್ಡ ಪ್ರೋಗ್ರಾಮ್ ರೂಟ್‌ನ ಬಲದಿಂದ ಎಲ್ಲವನ್ನೂ ಮಾಡುತ್ತಿತ್ತು. ವೆನೆಮಾ ಆ ಕೆಲಸವನ್ನು ಹಲವು ಸಣ್ಣ ಪ್ರೋಗ್ರಾಮುಗಳಿಗೆ ಹಂಚಿದರು. ಹೊರಗಿನವರೊಡನೆ ಮಾತಾಡುವ ಪ್ರೋಗ್ರಾಮಿಗೆ ಯಾರ ಅಂಚೆಪೆಟ್ಟಿಗೆಯನ್ನೂ ಮುಟ್ಟುವ ಅಧಿಕಾರವಿಲ್ಲ. ಅದು ಮೋಸಹೋದರೂ ಹಾನಿ ಅಲ್ಲಿಗೇ ನಿಲ್ಲುತ್ತದೆ. 2002ರಲ್ಲಿ ನೀಲ್ಸ್ ಪ್ರೊವೊಸ್ ಇಂಥದೇ ವಿಭಜನೆಯನ್ನು ಓಪನ್‌ಎಸ್‌ಎಸ್‌ಎಚ್‌ಗೂ ತಂದರು.

ತಪ್ಪೇ ಇಲ್ಲದ ಪ್ರೋಗ್ರಾಮನ್ನು ಬರೆಯುವುದು ದುಸ್ತರ. ತಪ್ಪಿನ ವ್ಯಾಪ್ತಿಯನ್ನು ಕಿರಿದಾಗಿಸುವುದು ಸಾಧ್ಯ. ಈ ಇತಿಹಾಸದ ಸಾರ ಇಷ್ಟೇ. ಇಂದು ನಮ್ಮ ಫೋನುಗಳಲ್ಲಿ ಬರಿಯ ಟಾರ್ಚ್ ಹಚ್ಚುವ ಆ್ಯಪ್ ಕೂಡ ಬಂಧುಮಿತ್ರರ ವಿಳಾಸಗಳನ್ನು ಕೇಳುವುದುಂಟು. ಅನುಮತಿ ಒತ್ತುವ ಮೊದಲು ನಾವೂ ನಮ್ಮ ಮಕ್ಕಳೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ಕೆಲಸಕ್ಕೆ ಈ ಬೀಗದ ಕೈ ಬೇಕೇ?