ಗಡಿ ಹಳ್ಳಿಯ ಮತದಾರ: ಓಟು ಒಂದು ದಿನ, ಹಕ್ಕು ಐದು ವರ್ಷ

ಎಲೆಕ್ಷನ್ ಬಂದಾಗ ಎಲ್ಲರೂ ಕೈಮುಗಿಯುತ್ತಾರೆ, ಮುಗಿದ ಮೇಲೆ ಯಾರೂ ಈ ಕಡೆ ತಿರುಗಿ ನೋಡುವುದಿಲ್ಲ ಎಂಬ ಮಾತು ಹಳ್ಳಿಕಟ್ಟೆಗಳಲ್ಲಿ ಸಾಮಾನ್ಯ. ಹಾಗಾದರೆ ಓಟು ಹಾಕಿ ಏನು ಪ್ರಯೋಜನ? ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಮತಗಟ್ಟೆಗೆ ಹೋಗಿ ಬರುವುದಕ್ಕಷ್ಟೇ ಅಲ್ಲ. ಉಳಿದ ದಿನಗಳಲ್ಲಿ ನೀರು, ಶಾಲೆ, ರಸ್ತೆಗಾಗಿ ಗ್ರಾಮಸಭೆಯಲ್ಲಿ ಕೂತು ಕೇಳುವ ಹಕ್ಕೂ ಅದೇ ಪಟ್ಟಿಯಿಂದ ಬರುತ್ತದೆ.

ಹಿನ್ನೆಲೆ

1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆದೋನಿ ಸೀಮೆಯವರು ಮತ ಹಾಕಿದ್ದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯವರಾಗಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಹೋದವು. ಆದೋನಿ, ಆಲೂರು ಕರ್ನೂಲು ಜಿಲ್ಲೆಯ ಪಾಲಾದವು. ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು ಎಂಬ ಇಂದಿನ ಸ್ಥಿತಿಯ ಮೂಲ ಇಲ್ಲಿದೆ.

ಈಗ ಪೆದ್ದಕಡುಬೂರು ಮಂಡಲ ಮಂತ್ರಾಲಯಂ ವಿಧಾನಸಭಾ ಕ್ಷೇತ್ರಕ್ಕೂ ಕರ್ನೂಲು ಲೋಕಸಭಾ ಕ್ಷೇತ್ರಕ್ಕೂ ಸೇರಿದೆ. 2008ರ ಕ್ಷೇತ್ರ ಪುನರ್‌ವಿಂಗಡಣೆಯಿಂದ ಬಂದ ಮಂತ್ರಾಲಯಂ ಕ್ಷೇತ್ರದಲ್ಲಿ ಮೊದಲ ಚುನಾವಣೆ ನಡೆದದ್ದು 2009ರಲ್ಲಿ. ಮಂತ್ರಾಲಯಂ, ಕೋಸಿಗಿ, ಕೌತಾಳಂ ಇದೇ ಕ್ಷೇತ್ರದಲ್ಲಿವೆ.

ಪಟ್ಟಿಯಲ್ಲಿದ್ದವರೇ ಗ್ರಾಮಸಭೆ

ಸಂವಿಧಾನದ 243ನೇ ವಿಧಿಯ ಪ್ರಕಾರ ಗ್ರಾಮಸಭೆ ಎಂದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರುವ ಜನ. ಸರ್ಪಂಚ್ ಮತ್ತು ವಾರ್ಡು ಸದಸ್ಯರು ಮಾತ್ರ ಅಲ್ಲ. ಯಾವ ಕೇರಿಗೆ ಕುಡಿಯುವ ನೀರು, ಯಾವ ರಸ್ತೆಗೆ ಹಣ ಎಂದು ಕೇಳಲು ಪ್ರತಿ ಮತದಾರನಿಗೂ ಅಲ್ಲಿ ಜಾಗವಿದೆ. 2024ರ ಆಗಸ್ಟ್ 23ರಂದು ಆಂಧ್ರಪ್ರದೇಶದ ಪಂಚಾಯಿತಿಗಳಲ್ಲೆಲ್ಲ ಒಂದೇ ದಿನ ಗ್ರಾಮಸಭೆ ನಡೆಯಿತು. ಇಂಥ ಸಭೆಗೆ ಹೋಗದವರ ಬೇಡಿಕೆ ಪುಸ್ತಕಕ್ಕೆ ಏರುವುದಿಲ್ಲ. ಬೇಡಿಕೆ ಬರಹದಲ್ಲಿ ಇದ್ದರೆ ಮುಂದಿನ ಸಲ ಓಟು ಕೇಳಲು ಬಂದವರಿಗೆ ತೋರಿಸಿ ಲೆಕ್ಕ ಕೇಳಬಹುದು.

ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರಿನ ಪ್ರಶ್ನೆ ಇದಕ್ಕಿಂತ ದೊಡ್ಡದು. ಅದು ಬಳ್ಳಾರಿ ಸೀಮೆ ದಾಟಿ ಬರುವ ನೀರು. ಎರಡೂ ರಾಜ್ಯಗಳಿಗೆ ಸಂಬಂಧಿಸಿದ ತುಂಗಭದ್ರಾ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಇಂಥ ವಿಷಯ ಪಂಚಾಯಿತಿಯಲ್ಲಿ ಮುಗಿಯದು, ಶಾಸಕರು ಮತ್ತು ಸಂಸದರೇ ಎತ್ತಬೇಕು. ಅವರನ್ನು ಕೇಳುವ ಬಲ ಅವರನ್ನು ಆರಿಸುವವರಿಗೆ ಇದೆ.

ಸುಗ್ಗಿಗೆ ಹೋದವರ ಹೆಸರು

ಪಶ್ಚಿಮ ಕರ್ನೂಲಿನಲ್ಲಿ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುವ ಕುಟುಂಬಗಳಿವೆ. ಪಟ್ಟಿ ಪರಿಶೀಲನೆಗೆ ಬಂದವರು ಬೀಗ ನೋಡಿ ಊರು ಬಿಟ್ಟವರೆಂದು ತಿಳಿಯುವ ಅಪಾಯವಿದೆ. ಕಾನೂನು ಹಾಗೆ ಹೇಳುವುದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಪ್ರಕಾರ ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಊರಿನ ವಾಸಿ ಅಲ್ಲ ಎನ್ನಲಾಗದು. ಊರಲ್ಲಿ ವಾಸವಿಲ್ಲವೆಂದು ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ಹೇಳಿಕೊಳ್ಳುವ ಅವಕಾಶ ಕೊಡಬೇಕೆಂದು 22ನೇ ಕಲಂ ಹೇಳುತ್ತದೆ. ಊರಲ್ಲಿ ಉಳಿದ ಹಿರಿಯರು ಮತ್ತು ನೆರೆಯವರು ಬಿಎಲ್‌ಒ ಬಂದಾಗ ಈ ಮಾತು ಹೇಳಿದರೆ ಎಷ್ಟೋ ಹೆಸರು ಉಳಿಯುತ್ತವೆ.

ಎರಡು ಕಡೆ ಹೆಸರು ಬೇಡ

ಗಡಿಯಾಚೆ ಸಿರುಗುಪ್ಪ, ಬಳ್ಳಾರಿ, ರಾಯಚೂರಿನಲ್ಲಿ ನೆಂಟರಿರುವ ಮನೆಗಳು ಹಲವು. ಅಲ್ಲೊಂದು ಇಲ್ಲೊಂದು ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. 2024ರಲ್ಲಿ ಬಳ್ಳಾರಿ, ರಾಯಚೂರು ಮತ್ತು ಸಿರುಗುಪ್ಪ ಸೇರಿರುವ ಕೊಪ್ಪಳ ಲೋಕಸಭಾ ಕ್ಷೇತ್ರಗಳಲ್ಲಿ ಮೇ 7ರಂದು, ಕರ್ನೂಲಿನಲ್ಲಿ ಮೇ 13ರಂದು ಮತದಾನ ನಡೆಯಿತು. ಹೀಗೆ ದಿನ ಬೇರೆ ಇದ್ದರೂ ಒಬ್ಬರು ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಮತ ಹಾಕಿದರೆ ಎರಡೂ ಅಸಿಂಧು. ಅರ್ಜಿಯಲ್ಲಿ ಸುಳ್ಳು ಹೇಳಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ವರ್ಷದ ಹೆಚ್ಚು ದಿನ ಬದುಕು ಎಲ್ಲಿದೆಯೋ, ಮಕ್ಕಳ ಶಾಲೆ ಎಲ್ಲಿದೆಯೋ ಅಲ್ಲಿಯ ಓಟೇ ಕೆಲಸಕ್ಕೆ ಬರುತ್ತದೆ.

ಕನ್ನಡದಲ್ಲೇ ಕೇಳಬಹುದು

ತೆಲುಗು ಬರೆಯಲು ಬಾರದು ಎಂದು ಸುಮ್ಮನಿರಬೇಕಿಲ್ಲ. ಸಂವಿಧಾನದ 350ನೇ ವಿಧಿಯಂತೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡಬಹುದು. 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ನಿಯಮ ಬೇರೆ: ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು.

ಶಾಲೆಯ ಮಾಧ್ಯಮದ ವಿಷಯದಲ್ಲಿ ಜನ ಕೇಳಿದ್ದರ ಉದಾಹರಣೆ ಇದೇ ರಾಜ್ಯದಲ್ಲಿದೆ. 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಲು ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ 2020ರ ಏಪ್ರಿಲ್ 15ರಂದು ಹೈಕೋರ್ಟು ಆದೇಶವನ್ನು ರದ್ದುಪಡಿಸಿತು. ಆಮೇಲೆ ಸರ್ಕಾರ ಪೋಷಕರಿಂದ ಮಾಧ್ಯಮದ ಬಗ್ಗೆ ಲಿಖಿತ ಅಭಿಪ್ರಾಯ ಪಡೆಯಿತು. ಇಂಥ ಹೊತ್ತಿನಲ್ಲಿ ಕನ್ನಡ ಶಾಲೆ ಬೇಕೆನ್ನುವವರು ಬರೆದು ಕೊಡದಿದ್ದರೆ ಬೇಡ ಎಂದೇ ಅರ್ಥವಾಗುತ್ತದೆ.

ಗಮನಿಸಬೇಕಾದ ಅಂಶಗಳು

* ಹೊಸದಾಗಿ ಹೆಸರು ಸೇರಿಸಲು ಫಾರಂ 6. ತೆಗೆಸಲು ಅಥವಾ ಆಕ್ಷೇಪಿಸಲು ಫಾರಂ 7. ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ಫಾರಂ 8.
* 18 ತುಂಬುವ ಅರ್ಹತಾ ದಿನಗಳು 2022ರಿಂದ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1.
* ಮದುವೆಯಾಗಿ ಗಡಿ ದಾಟಿ ಬಂದ ಸೊಸೆಯ ಹೆಸರನ್ನು ಫಾರಂ 8ರ ಮೂಲಕ ವರ್ಗಾಯಿಸಬಹುದು.
* ಕರಡು ಪಟ್ಟಿ ಬಂದ ಕೂಡಲೇ ಮನೆಯ ಎಲ್ಲರ ಹೆಸರನ್ನೂ ಓದಿಸಿ ಕೇಳಬೇಕು. ಕನ್ನಡದ ಹೆಸರು ತೆಲುಗಿಗೆ ಬರುವಾಗ ಅಕ್ಷರ ತಪ್ಪುವುದುಂಟು.
* ಅರ್ಜಿ ಕೊಟ್ಟಾಗ ರಸೀದಿ ಪಡೆಯಬೇಕು. ಸಹಾಯವಾಣಿ ಸಂಖ್ಯೆ 1950.
* ಯಾವ ಅಭ್ಯರ್ಥಿಯೂ ಒಪ್ಪಿಗೆಯಾಗದಿದ್ದರೆ ಯಂತ್ರದಲ್ಲಿ ನೋಟಾ ಗುಂಡಿ ಇದೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದದ್ದು.

ಗಡಿಯ ಕನ್ನಡಿಗರು ರಾಜ್ಯದ ಲೆಕ್ಕದಲ್ಲಿ ಸಣ್ಣ ಸಂಖ್ಯೆ. ಪಂಚಾಯಿತಿಯ ಲೆಕ್ಕದಲ್ಲಿ ಹಾಗಲ್ಲ, ಅಲ್ಲಿ ಕೆಲವೇ ಓಟುಗಳಿಂದ ವಾರ್ಡು ಸೋಲುವುದೂ ಗೆಲ್ಲುವುದೂ ಇದೆ. ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡು, ಓಟು ಹಾಕಿ, ಗ್ರಾಮಸಭೆಯಲ್ಲಿ ಬರೆಸಿ, ಕಚೇರಿಯಲ್ಲಿ ರಸೀದಿ ಪಡೆದವರ ಮಾತನ್ನು ತಳ್ಳಿಹಾಕುವುದು ಯಾವ ಪಕ್ಷಕ್ಕೂ ಸುಲಭವಲ್ಲ.