ಅರ್ದಬಿಲ್ ಕಾರ್ಪೆಟ್: ಒಂದನ್ನು ಉಳಿಸಲು ಇನ್ನೊಂದಕ್ಕೆ ಕತ್ತರಿ

ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಇಸ್ಲಾಮಿಕ್ ಕಲಾ ಸಂಗ್ರಹದ ಪ್ರಮುಖ ಆಕರ್ಷಣೆ ಇರಾನ್‌ನ ಅರ್ದಬಿಲ್ ಕಾರ್ಪೆಟ್. ಉದ್ದ ಸುಮಾರು 10.5 ಮೀಟರ್, ಅಗಲ 5.3 ಮೀಟರ್. ಒಂದು ತುದಿಯಲ್ಲಿ ಕಾಶಾನ್‌ನ ಮಕ್ಸೂದ್ ಎಂಬ ಹೆಸರು ಹಾಗೂ ಹಿಜರಿ 946 (ಕ್ರಿ.ಶ. 1539-40) ಎಂಬ ವರ್ಷವನ್ನು ನೇಯಲಾಗಿದೆ.

ಅರ್ದಬಿಲ್‌ನಲ್ಲಿರುವ ಸೂಫಿ ಗುರು ಶೇಖ್ ಸಫಿಯುದ್ದೀನ್ ದರ್ಗಾಕ್ಕಾಗಿ ಒಂದೇ ವಿನ್ಯಾಸದ ಎರಡು ಕಾರ್ಪೆಟ್‌ಗಳನ್ನು ಮಾಡಿಸಲಾಗಿತ್ತು. 19ನೇ ಶತಮಾನದಲ್ಲಿ ಮಾರಾಟವಾಗುವ ವೇಳೆಗೆ ಎರಡೂ ಹಾಳಾಗಿದ್ದವು. ಹೀಗಾಗಿ ಒಂದನ್ನು ಕತ್ತರಿಸಿ, ಆ ತುಂಡುಗಳಿಂದ ಇನ್ನೊಂದಕ್ಕೆ ತೇಪೆ ಹಾಕಲಾಯಿತು.

ದುರಸ್ತಿಯಾದ ಕಾರ್ಪೆಟನ್ನು ವಿನ್ಯಾಸಕಾರ ವಿಲಿಯಂ ಮಾರಿಸ್ ಶಿಫಾರಸಿನ ಮೇರೆಗೆ 1893ರಲ್ಲಿ ಮ್ಯೂಸಿಯಂ 2,000 ಪೌಂಡ್‌ಗೆ ಖರೀದಿಸಿತು. ಅಂಚು ಕಳೆದುಕೊಂಡ ಜೋಡಿ ಕಾರ್ಪೆಟ್ ಈಗ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ಕಲಾ ಮ್ಯೂಸಿಯಂನಲ್ಲಿದೆ.

ಬಣ್ಣ ಮಾಸಬಾರದೆಂದು ಲಂಡನ್‌ನಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ 10 ನಿಮಿಷ ಮಾತ್ರ ಅದರ ಮೇಲೆ ಪೂರ್ಣ ಬೆಳಕು ಬಿಡಲಾಗುತ್ತದೆ.